ಅಮಾವಾಸ್ಯೆಯ ಲೆಕ್ಕ

ನಾನು ಒಂದು ಕ್ಯಾಲ್ಕುಲೇಟರ್. ಜೇಬಿನಲ್ಲಿ ಅಡಗುವ ಸಣ್ಣದಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಅಗಲವಾಗಿ ಕೂರುವ ಜಾತಿ. ನಿನ್ನ ಊರು ಯಾವುದು ಎಂದು ಕೇಳಿದರೆ ಸ್ವಲ್ಪ ತಡವರಿಸುತ್ತೇನೆ. ಒಂದು ದೇಶದಲ್ಲಿ ನನ್ನ ಮೈ ತಯಾರಾಯಿತು, ಇನ್ನೊಂದರಲ್ಲಿ ಗುಂಡಿಗಳು, ಮೂರನೆಯದರಲ್ಲಿ ಎರಡನ್ನೂ ಜೋಡಿಸಿದರು. ನೆತ್ತಿಯ ಮೇಲಿನ ಕಪ್ಪು ಪಟ್ಟಿಗೆ ಬೆಳಕು ಬಿದ್ದರೆ ಸಾಕು, ನನಗೆ ಜೀವ ಬರುತ್ತದೆ. ಬಲಮೂಲೆಯಲ್ಲಿ ಬಾಣದ ಗುರುತಿನ ಒಂದು ಗುಂಡಿಯಿದೆ. ಅದನ್ನು ಒತ್ತಿದರೆ ಮಾಡಿದ ಲೆಕ್ಕವನ್ನು ಮೊದಲಿನಿಂದ ಒಂದೊಂದೇ ಹೆಜ್ಜೆಯಾಗಿ ಮತ್ತೆ ತೋರಿಸುತ್ತೇನೆ. ನನ್ನ ಮೈಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಗುಂಡಿ ಅದೇ. ಅದನ್ನು ಯಾರೂ ಒತ್ತುತ್ತಿರಲಿಲ್ಲ.

ನನ್ನನ್ನು ಮೊದಲು ಕೊಂಡವರು ಹುಬ್ಬಳ್ಳಿಯ ಬಟ್ಟೆ ವ್ಯಾಪಾರಿ ಹಂಚಿನಾಳ ಸಾಹುಕಾರರು. ಹನ್ನೊಂದು ವರ್ಷ ಅವರು ಪೆನ್ನಿನ ಹಿಂಬದಿಯಿಂದ ನನ್ನನ್ನು ಕುಟ್ಟಿದರು. ಆಮೇಲೆ ಅಂಗಡಿಗೆ ಕಂಪ್ಯೂಟರ್ ಬಂತು, ನಾನು ಮೂಲೆ ಸೇರಿದೆ. ಸಾಹುಕಾರರು ಮಧ್ಯಾಹ್ನ ಊಟ ಮಾಡುತ್ತಿದ್ದದ್ದು ಪಕ್ಕದ ಓಣಿಯ ಕಾಶವ್ವನ ಖಾನಾವಳಿಯಲ್ಲಿ. ಆಕೆ ರೊಟ್ಟಿಯ ಲೆಕ್ಕವನ್ನು ಇದ್ದಿಲಿನಿಂದ ಗೋಡೆಯ ಮೇಲೆ ಗೀಚುವುದನ್ನು ನೋಡಿ ನೋಡಿ ಅವರಿಗೆ ಸಾಕಾಗಿತ್ತು. ಒಂದು ದಿನ ನನ್ನನ್ನು ತಂದು ಆಕೆಯ ಕೈಗಿಟ್ಟರು.

"ಕಾಶವ್ವಾ, ಗ್ವಾಡಿ ಹೊಲಸಾತು. ಇದನ್ನ ಇಟ್ಕೋ."

ಕಾಶವ್ವನ ಬೆರಳಿಗೆ ಯಾವಾಗಲೂ ಜೋಳದ ಹಿಟ್ಟು. ಮೊದಲ ವಾರದಲ್ಲೇ ನನ್ನ ಐದರ ಗುಂಡಿ ಅಂಟತೊಡಗಿತು. ಬಟ್ಟೆ ಅಂಗಡಿಯಲ್ಲಿ ಶುಚಿಯಾಗಿ ಬೆಳೆದ ನನಗೆ ಸಿಟ್ಟು ಬಂದದ್ದು ನಿಜ. ಆದರೆ ಆಕೆ ಲೆಕ್ಕ ಮಾಡುವ ರೀತಿ ನೋಡಿ ಸಿಟ್ಟು ಇಳಿಯಿತು. ಅಮಾವಾಸ್ಯೆಯ ದಿನ ಖಾನಾವಳಿಗೆ ಮಂದಿ ತೀರ ಕಡಿಮೆ. ಕಾಶವ್ವ ಏನೇ ಹೊಸ ಖರ್ಚು ಮಾಡುವುದಿದ್ದರೂ ಆ ದಿನದ ಗಳಿಕೆಯನ್ನೇ ಹಿಡಿದು ಲೆಕ್ಕ ಹಾಕುತ್ತಿದ್ದಳು. ಅಂದು ಉಳಿದರೆ ಎಂದೆಂದೂ ಉಳಿಯಿತು ಎನ್ನುವುದು ಆಕೆಯ ಧೈರ್ಯ.

ಆಕೆಗೆ ಒಬ್ಬಳೇ ಮಗಳು, ದಾಕ್ಷಾಯಣಿ. ಗಂಡ ತೀರಿಹೋದ ಮೇಲೆ ಅವ್ವ-ಮಗಳು ಇಬ್ಬರೇ. ಬಿ.ಎ. ಮುಗಿಸಿದ ಹುಡುಗಿ ಒಂದು ಮಧ್ಯಾಹ್ನ, ಊಟದ ಗದ್ದಲ ಮುಗಿದ ಮೇಲೆ, ಅರ್ಜಿ ಹಿಡಿದು ಬಂದಳು. ಎರಡು ವರ್ಷದ ಎಂ.ಎ., ವಿಷಯ ಅಂತಾರಾಷ್ಟ್ರೀಯ ಅಧ್ಯಯನ.

"ಹಂಗಂದ್ರ ಏನ?"

"ದೇಶ ದೇಶದ ನಡುವ ವ್ಯಾಪಾರ, ಜಗಳ, ರಾಜಿ, ಎಲ್ಲಾ ಓದೂದವ್ವ."

"ನಮ್ಮ ನಳದ ಮುಂದ ನಿಂತ್ರ ಅದನ್ನ ಪುಕ್ಕಟ ಕಲೀಬಹುದಲ್ಲ!"

ಇಬ್ಬರೂ ನಕ್ಕರು. ಬ್ಯಾಂಕಿನಿಂದ ನಾಲ್ಕು ಲಕ್ಷ ಸಾಲ ಬೇಕು ಎಂದಾಗಲೂ ಕಾಶವ್ವ ಹೆದರಲಿಲ್ಲ. ಅದೇ ಓದು ಓದಿದ ಮೂವರಿಗೆ ದಾಕ್ಷಾಯಣಿ ಫೋನ್ ಮಾಡಿ ವಿಚಾರಿಸಿದ್ದಳು. ಒಬ್ಬರಿಗೆ ತಿಂಗಳಿಗೆ ಅರವತ್ತು ಸಾವಿರ, ಇನ್ನೊಬ್ಬರಿಗೆ ಮೂವತ್ತೈದು, ಮತ್ತೊಬ್ಬರಿಗೆ ಬರೀ ಇಪ್ಪತ್ತೆರಡು.

"ಬಡ್ಡಿ?"

"ನೂರಕ್ಕ ಹತ್ತು."

ಕಾಶವ್ವನ ಮುಖ ಸಣ್ಣದಾಯಿತು. ಮಗಳು ಪಾತ್ರೆ ತೊಳೆಯಲು ಹಿತ್ತಲಿಗೆ ಹೋಗುವವರೆಗೆ ಕಾದು, ನನ್ನನ್ನು ಎಳೆದುಕೊಂಡಳು. ನಾಲ್ಕು ಲಕ್ಷ, ನೂರಕ್ಕೆ ಹತ್ತು: ನಲವತ್ತು ಸಾವಿರ. ಆಮೇಲೆ ಅಮಾವಾಸ್ಯೆಯ ಸಂಬಳ ಇಪ್ಪತ್ತೆರಡು ಸಾವಿರದಲ್ಲಿ ಆ ನಲವತ್ತನ್ನು ಕಳೆದಳು. ನಾನು ಹದಿನೆಂಟು ಸಾವಿರ ತೋರಿಸಿ, ಅದರ ಹಿಂದೆ ಕಳೆಯುವ ಗೆರೆ ಎಳೆದೆ. ಎಳೆಯದೆ ನನಗೆ ಬೇರೆ ದಾರಿ ಇರಲಿಲ್ಲ.

ಆಕೆಯ ತಪ್ಪು ಎಲ್ಲಿದೆ ಎಂದು ನನಗೆ ಗೊತ್ತಾಗಿತ್ತು. ಕಾಶವ್ವ ಹುಟ್ಟಿದಾಗಿನಿಂದ ಕೈಗಡ ತಂದದ್ದು ಪೇಟೆಯಲ್ಲೇ. ಅಲ್ಲಿ ನೂರಕ್ಕೆ ಮೂರು ಎಂದರೆ ತಿಂಗಳಿಗೆ ಮೂರು. ತಿಂಗಳು ಎಂದು ಯಾರೂ ಬಾಯಿಬಿಟ್ಟು ಹೇಳುವುದೂ ಇಲ್ಲ. ಆಕೆ ಬ್ಯಾಂಕಿನ ಮೆಟ್ಟಿಲು ಹತ್ತಿದವಳೇ ಅಲ್ಲ. ನಾನು ಕೂಗಿ ಹೇಳಬೇಕೆಂದುಕೊಂಡೆ. ನನಗೆ ಬಾಯಿಲ್ಲ.

"ಬ್ಯಾಡ ಬಿಡವಾ," ಎಂದಷ್ಟೇ ಹಿತ್ತಲಿನಿಂದ ಬಂದ ಮಗಳಿಗೆ ಹೇಳಿ ಕಾಶವ್ವ ಸಂಜೆಯ ಹಿಟ್ಟು ನಾದಲು ಒಳಗೆ ಹೋದಳು.

ಆ ಓದಿಗೆ ಅವ್ವನ ಕಣ್ಣಲ್ಲಿ ಬೆಲೆಯೇ ಇಲ್ಲ ಎಂದುಕೊಂಡಳು ದಾಕ್ಷಾಯಣಿ. ಅರ್ಜಿಯನ್ನು ಮಡಚಿ, ನನ್ನ ಮುಂದೆ ಕೂತು ಅತ್ತಳು. ಅಳುತ್ತಲೇ ಏನೋ ಒಂದು ಮಾಡಬೇಕೆಂದು ನನ್ನ ಗುಂಡಿಗಳ ಮೇಲೆ ಬೆರಳಾಡಿಸಿದಳು. ಬೆರಳು ಬಾಣದ ಗುಂಡಿಯ ಮೇಲೆ ಬಿತ್ತು! ನನ್ನ ಇಡೀ ಜನ್ಮದಲ್ಲಿ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ. ನಾಲ್ಕು ಲಕ್ಷ, ನೂರು, ಹತ್ತು, ನಲವತ್ತು ಸಾವಿರ, ಇಪ್ಪತ್ತೆರಡು ಸಾವಿರ, ಅದರಲ್ಲಿ ಕಳೆದ ನಲವತ್ತು ಸಾವಿರ. ಒಂದನ್ನೂ ಬಿಡದೆ ತೋರಿಸಿದೆ. ಹುಡುಗಿ ಕಣ್ಣೊರೆಸಿಕೊಂಡು ಇನ್ನೊಮ್ಮೆ ನೋಡಿದಳು. ಆಮೇಲೆ ನನ್ನನ್ನು ಎತ್ತಿಕೊಂಡು ಒಲೆಯ ಕಡೆಗೆ ಓಡಿದಳು.

"ಅವ್ವಾ! ಹತ್ತು ಅಂದ್ರ ತಿಂಗಳಿಗಲ್ಲ, ವರ್ಷಕ್ಕ!"

ಕಾಶವ್ವ ಹಿಟ್ಟಿನ ಕೈ ಹಾಗೇ ಹಿಡಿದು ನಿಂತಳು. "ವರ್ಷಕ್ಕ? ಇಡೀ ವರ್ಷಕ್ಕ?" ಎಂದು ಎರಡು ಸಲ ಕೇಳಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಯ್ಯ ನನ್ನ ಶಾಣ್ಯಾತನಕ್ಕ ಬೆಂಕಿ ಬೀಳಲಿ! ಬ್ಯಾಂಕಿನವರಿಗೆ ಮನಸಿನ್ಯಾಗ ಸುಮ್ಮನ ಬೈದೆನಲ್ಲ!"

ಅಲ್ಲೇ ಹೊಸ ಲೆಕ್ಕ ಶುರುವಾಯಿತು. ಓದುವ ಎರಡು ವರ್ಷ ಬಡ್ಡಿಯನ್ನು ಖಾನಾವಳಿ ಕಟ್ಟುತ್ತದೆ. ಆಮೇಲೆ ಏಳು ವರ್ಷದ ಕಂತು, ತಿಂಗಳಿಗೆ ಸುಮಾರು ಆರು ಸಾವಿರದ ಆರುನೂರು. ಅರವತ್ತು ಸಾವಿರದ ಸುದ್ದಿಯನ್ನು ಕಾಶವ್ವ ಎತ್ತಗೊಡಲಿಲ್ಲ. ಇಪ್ಪತ್ತೆರಡರಲ್ಲಿ ಕಂತು ಕಳೆದು, ಬೇರೆ ಊರಿನ ಬಾಡಿಗೆ, ಊಟ ಎಂದು ಹನ್ನೆರಡು ಕಳೆದಳು. ಮೂರು ಸಾವಿರದ ನಾನೂರು ಉಳಿಯಿತು.

"ಅಮಾಸಿ ದಿನಾನೂ ಉಳೀತು," ಎಂದಳು ಕಾಶವ್ವ. "ಅರ್ಜಿ ತಾ, ಎಲ್ಲಿ ಸಹಿ?" ಆ ಅರ್ಜಿಯ ಮೂಲೆಯಲ್ಲಿ ಹಿಟ್ಟಿನ ಹೆಬ್ಬೆಟ್ಟಿನ ಗುರುತೂ ಬಿತ್ತು.

ಓದು ಮುಗಿದ ಮೇಲೆ ದಾಕ್ಷಾಯಣಿಗೆ ಕೆಲಸ ಸಿಕ್ಕಿದ್ದು ಪುಣೆಯಲ್ಲಿ, ಹೊರದೇಶಕ್ಕೆ ಮೆಣಸಿನಕಾಯಿ ಕಳಿಸುವ ಕಂಪನಿಯಲ್ಲಿ. ಯಾವ ದೇಶದ ಕಾನೂನು ಏನು ಕೇಳುತ್ತದೆ ಎಂದು ನೋಡಿ ಹೇಳುವುದು ಅವಳ ಕೆಲಸ. ಸಂಬಳ ಮೂವತ್ತೊಂದು ಸಾವಿರ. "ಜಗತ್ತೆಲ್ಲಾ ಓದಿ ಕಡೀಕ ಖಾರಕ್ಕ ಬಂದಿ ನೋಡು!" ಎಂದು ಅವ್ವ ಫೋನಿನಲ್ಲಿ ಕಾಡಿದಳು. ಬಂದವರಿಗೆಲ್ಲ ಆ ದಿನ ಒಂದೊಂದು ಹೋಳಿಗೆ.

ಏಳು ವರ್ಷ ತಿಂಗಳು ತಿಂಗಳೂ ಕಾಶವ್ವ ಉಳಿದ ಸಾಲದ ಲೆಕ್ಕವನ್ನು ನನ್ನ ಮೇಲೆಯೇ ಮಾಡಿದಳು. ಕೊನೆಯ ಕಂತು ಕಟ್ಟಿ ಬಂದ ದಾಕ್ಷಾಯಣಿ ಅವ್ವನ ಎದುರಿಗೆ ನನ್ನನ್ನಿಟ್ಟು ಕಳೆದಳು. ಉಳಿದದ್ದು ಸೊನ್ನೆ. ಅವಳು ಅಭ್ಯಾಸದಂತೆ ಅಳಿಸುವ ಗುಂಡಿಗೆ ಬೆರಳು ಚಾಚಿದಳು.

"ಅಳಸಬ್ಯಾಡ!" ಎಂದು ಕಾಶವ್ವ ಅವಳ ಕೈ ಹಿಡಿದಳು. "ಇರಲಿ ಅದು."

ಅಳಿಸಿದರೂ ನಾನು ತೋರಿಸುವುದು ಸೊನ್ನೆಯನ್ನೇ ಎಂದು ಇಬ್ಬರೂ ಆಕೆಗೆ ಹೇಳಲಿಲ್ಲ, ಹುಡುಗಿಯೂ, ನಾನೂ.

ಈಗ ನನಗೆ ವಯಸ್ಸಾಗಿದೆ. ಐದು ಪೂರ್ತಿ ಸತ್ತಿದೆ, ಎಂಟು ಅರ್ಧ ಮೂಡುತ್ತದೆ. ಲೆಕ್ಕಕ್ಕೆ ಹೊಸಬ ಬಂದಿದ್ದಾನೆ. ನಾನು ಕಿಟಕಿಯ ಪಕ್ಕ, ಉಪ್ಪಿನ ಭರಣಿಯ ಹತ್ತಿರ ಕೂತಿದ್ದೇನೆ. ಬೆಳಿಗ್ಗೆ ಬಿಸಿಲು ನೆತ್ತಿಗೆ ತಾಗಿದ ಕೂಡಲೇ ಎದ್ದು ನನ್ನ ಸೊನ್ನೆಯನ್ನು ತೋರಿಸುತ್ತೇನೆ. ಕಾಶವ್ವ ಅದನ್ನು ನೋಡಿದ ಮೇಲೆಯೇ ಒಲೆ ಹಚ್ಚುತ್ತಾಳೆ.