ಹದಿನೇಳನೆಯ ಬಿಲ್ಲೆ

ಸತ್ತ ಅತ್ತೆ ಕನಸಿಗೆ ಬಂದು ಕೇಳುತ್ತಿದ್ದದ್ದು ಒಂದೇ ಮಾತು. "ಅಪೊಂಡೀ, ನಮ್ಮವು ಇದಾವೇನೇ?"

ನಮ್ಮವು ಅಂದರೆ ಙೆಗೆ ಮೀನು, ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುವ ಜಾತಿ. ದೊಡ್ಡ ಸರೋವರದಲ್ಲಿ ಅದರ ಸಂತತಿ ಅಳಿದು ಎಷ್ಟೋ ಕಾಲವಾಯಿತು. ಕನ್ಯಬೋಲಿ ಕೆರೆಯಂಚಿನ ಜೊಂಡಿನ ಮರೆಯಲ್ಲಿದ್ದ ಪುಟ್ಟ ಕೊಳದಲ್ಲಿ ಅತ್ತೆ ಅದನ್ನು ಕಾಪಾಡಿಕೊಂಡು ಬಂದು, ಸಾಯುವಾಗ ಸೊಸೆ ಅಪೊಂಡಿಯ ಕೈಗೆ ಒಪ್ಪಿಸಿದ್ದಳು. ಆ ಸೊಸೆ ಮಾಡಿದ್ದೇನು? ಬೇಗ ದಪ್ಪಗಾಗುತ್ತವೆ ಎಂದು ಯಾರೋ ಹೇಳಿದ್ದನ್ನು ನಂಬಿ, ಆರು ವರ್ಷದ ಹಿಂದೆ ಬೇರೆ ಜಾತಿಯ ಮರಿಗಳನ್ನು ಒಂದು ಬಕೆಟ್ ತಂದು ಅದೇ ಕೊಳಕ್ಕೆ ಸುರಿದಳು. ಬುದ್ಧಿಗೆ ಮಂಕು ಕವಿದಿತ್ತು, ಇನ್ನೇನು! ಅವು ಇವುಗಳೊಡನೆ ಕೂಡಿ ಎಲ್ಲ ಬೆರಕೆಯಾಗತೊಡಗಿತು. ಕನಸು ಶುರುವಾದದ್ದು ಆಗಲೇ.

ಕಿಸುಮು ಪಟ್ಟಣದಿಂದ ಅದೊಯೊ ಬಂದಾಗ ಅಪೊಂಡಿಗೆ ಹೋದ ಜೀವ ಬಂದಂತಾಯಿತು. ಮೀನಿನ ವಂಶವಾಹಿ ಓದುವ ಹುಡುಗಿ ಅದೊಯೊ. ಇಪ್ಪತ್ತು ಮೀನು ಹಿಡಿದು, ರೆಕ್ಕೆಯ ಚೂರು ಕತ್ತರಿಸಿಕೊಂಡು, ಬೆನ್ನಿಗೆ ನಂಬರಿನ ಬಿಲ್ಲೆ ಸಿಕ್ಕಿಸಿ ಮತ್ತೆ ಕೊಳಕ್ಕೇ ಬಿಟ್ಟಳು.

"ನೋಡಿದ್ರೆ ಗೊತ್ತಾಗಲ್ವೇನೇ, ಯಾವುದು ಅಪ್ಪಟ ಅಂತ?"

"ಕಣ್ಣು ಮೋಸ ಹೋಗುತ್ತೆ ಅವ್ವಾ. ಒಂದು ಜೋಡಿ ಸಿಕ್ಕಿದ್ರೂ ಸಾಕು, ತಳಿ ಉಳಿಸ್ತೀನಿ."

ಎರಡು ತಿಂಗಳ ಮೇಲೆ, ಫಲಿತಾಂಶ ತರುತ್ತೇನೆಂದು ಹೇಳಿಕಳಿಸಿದಳು. ಮನೆಗೆ ಬಂದವರ ಮುಂದೆ ಇಡೀ ಮೀನು, ತಲೆ ಸಮೇತ ಇಡಬೇಕು, ಅದೂ ಇದ್ದುದರಲ್ಲಿ ಉತ್ತಮವಾದದ್ದನ್ನು. ಸಂತೆಯ ಮೀನು ಇಟ್ಟರೆ ಮರ್ಯಾದೆಯೇ? ಇಪ್ಪತ್ತರಲ್ಲಿ ಒಂದು ಹೋದರೇನು ಎಂದು ಅಪೊಂಡಿ ಕೊಳಕ್ಕೆ ಬಲೆ ಬೀಸಿದಳು. ಅತ್ತೆಯ ಕಾಲದ ಮೀನಿನ ಹಾಗೇ ಕಂಡದ್ದನ್ನು ಆರಿಸಿ ಸಾರು ಮಾಡಿದಳು.

ಅದೊಯೊ ಮುದ್ದೆ ಮುರಿಯಲೂ ಇಲ್ಲ, ಖುಷಿ ತಡೆಯದೆ ಹೇಳಿಬಿಟ್ಟಳು. "ಅವ್ವಾ, ಇದಾವೆ! ಮೂರು ಗಂಡು ಅಪ್ಪಟ ಙೆಗೆ. ಹೆಣ್ಣು ಮಾತ್ರ ಒಂದೇ ಒಂದು, ಹದಿನೇಳನೇ ನಂಬರು. ಊಟ ಆದ್ಮೇಲೆ ಹಿಡಿಯೋಣ."

ಅಪೊಂಡಿಗೆ ಓದು ಬಾರದು. ಎದ್ದು ಹೋಗಿ, ಜೋಪಾನವಾಗಿ ತೆಗೆದಿಟ್ಟಿದ್ದ ಬಿಲ್ಲೆಯನ್ನು ಡಬ್ಬಿಯಿಂದ ತಂದು ಹುಡುಗಿಯ ಅಂಗೈಯಲ್ಲಿಟ್ಟಳು. ಅದೊಯೊ ಬಿಲ್ಲೆ ನೋಡಿದಳು, ತಟ್ಟೆ ನೋಡಿದಳು.

"ಬಾಯ್ತುಂಬ ಮೊಟ್ಟೆ ಇಟ್ಕೊಂಡಿತ್ತು ಮಗಳೇ," ಎಂದಳು ಅಪೊಂಡಿ. "ತೊಳೆಯೋವಾಗ ನೋಡ್ದೆ. ಕೋಳಿಗೆ ಹಾಕ್ಬಿಟ್ಟೆ."

ಅಂದಿನಿಂದ ಅತ್ತೆ ಕನಸಿಗೆ ಬಂದಿಲ್ಲ. ಬೈಯುವುದಕ್ಕಾದರೂ ಬರಬಾರದೇ ಎಂದು ಅಪೊಂಡಿ ರಾತ್ರಿಯೆಲ್ಲ ಕಾಯುತ್ತಾಳೆ. ದಿನಾ ಬೆಳಿಗ್ಗೆ ಕೊಳದ ದಡಕ್ಕೆ ಹೋಗಿ ಕೂರುತ್ತಾಳೆ. ಈಗ ಕೇಳುವವಳು ಅವಳೇ.

"ಅತ್ತೇ, ಇದೀರಾ?"