ಕೂಗಿ ಹೇಳಿದ ಬೆಲೆ

ಮದ್ದೂರು ಬರುವುದರೊಳಗೆ ಹೇಳಿಬಿಡಬೇಕು. ಮೇಡಂ ಜೊತೆಯಾದ ಮೇಲೆ ಹೇಳಲು ಆಗುವುದಿಲ್ಲ. ಆದರೆ ಹೇಳುವುದು ಸರಿಯೇ? ವ್ಯಾಪಾರ ಅವರದು, ಟಗರು ಬಂಡೂರಿನವರದು. ಟವೆಲ್ಲಿನ ಕೆಳಗೆ ಬೆಲೆ ಕಟ್ಟುವ ಪದ್ಧತಿಯಂತೂ ನಾನು ಹುಟ್ಟುವ ಮೊದಲಿನದು. ಅದನ್ನು ಬಿಡು ಎನ್ನಲು ನನಗೆ ಏನು ಗೊತ್ತು ಅದರ ಬಗ್ಗೆ? ಹೇಳದಿದ್ದರೆ, ಇಷ್ಟು ತಿಂಗಳ ಓಡಾಟ ಈ ಒಂದು ಬೆಳಿಗ್ಗೆಯಲ್ಲಿ ಮಣ್ಣಾಗಬಹುದು.

ಸ್ವರೂಪ್ ವ್ಯಾನಿನ ಕಿಟಕಿಗೆ ತಲೆಯಾನಿಸಿ ಇದನ್ನೇ ಯೋಚಿಸುತ್ತಿದ್ದ. ಮಂಡ್ಯದಲ್ಲಿ ಹೊಸದಾಗಿ ಉದ್ಯಮ ಶುರುಮಾಡುವವರಿಗೆ ಬೆಂಬಲ ಕೊಡುವ ಕೇಂದ್ರವೊಂದರಲ್ಲಿ ಅವನಿಗೆ ಕೆಲಸ. ಹುಡುಗರ ಆಲೋಚನೆ ಕೇಳುವುದು, ಅದಕ್ಕೊಂದು ರೂಪ ಕೊಡುವುದು, ಹಣ ಹಾಕುವವರ ಮುಂದೆ ಅವರನ್ನು ನಿಲ್ಲಿಸುವುದು. ಅವನು ಮಾತಾಡುವುದಕ್ಕಿಂತ ಹೆಚ್ಚು ಕೇಳುವವನು. ಅದನ್ನು ಕೆಲವರು ಆಳ ಎಂದುಕೊಂಡಿದ್ದರು. ಎಷ್ಟೋ ಸಲ ಅದು ಬರೀ ಧೈರ್ಯವಿಲ್ಲದಿರುವುದು ಎಂದು ಗುತ್ತಲು ಬಡಾವಣೆಯ ತನ್ನ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದಾಗ ಅವನಿಗೆ ಅನ್ನಿಸುತ್ತಿತ್ತು.

ವ್ಯಾನು ಓಡಿಸುತ್ತಿದ್ದವನು ಸಾಹಿಲ್. ಮಳವಳ್ಳಿಯವನು, ಕುರಿ ದಲ್ಲಾಳಿ ನಯಾಜ್ ಪಾಷಾ ಅವರ ಮಗ. ನಡುವೆ ಕುಳಿತಿದ್ದ ಅರ್ಪಿತ ಯಲಿಯೂರಿನವಳು, ಪಶುಸಂಗೋಪನೆ ಓದಿದವಳು. ಇಬ್ಬರೂ ಸೇರಿ ಕಟ್ಟಿದ್ದ ಕಂಪನಿಯ ಹೆಸರು 'ಮಂದೆ'. ಬಂಡೂರಿನ ಅಸಲಿ ಕುರಿಗಳ ಕಿವಿಗೆ ನಂಬರಿನ ಓಲೆ ಹಾಕಿ, ಅವುಗಳ ತಳಿ, ತೂಕ, ಲಸಿಕೆ, ಬೆಲೆ ಎಲ್ಲವನ್ನೂ ಫೋನಿನಲ್ಲಿ ತೋರಿಸುವುದು. ಕೊಳ್ಳುವವನು ಎಲ್ಲೇ ಇರಲಿ, ಸಾಕಿದವನಿಂದ ನೇರವಾಗಿ ಕೊಳ್ಳಬಹುದು. ಇವತ್ತು ಬಂಡೂರಿನಲ್ಲಿ ಮೊದಲ ಟಗರಿನ ವ್ಯಾಪಾರ, ಕೊಳ್ಳುವುದು ಕಂಪನಿಯೇ. ಅದನ್ನು ನೋಡಿ ಹಣ ಹಾಕುವುದೋ ಬೇಡವೋ ತೀರ್ಮಾನಿಸಲು ಬೆಂಗಳೂರಿನಿಂದ ಮೇಡಂ ಬರುತ್ತಿದ್ದರು.

ಹಿಂದಿನ ದಿನ ಅವರೇ ಫೋನ್ ಮಾಡಿದ್ದರು. "ಬೆಲೆ ಬಯಲಲ್ಲಿ ಇರುತ್ತೆ ಅನ್ನೋದೇ ಇವರ ವಿಶೇಷ ಅಲ್ವಾ ಸ್ವರೂಪ್? ಅಲ್ಲಿ ಬಂದು ನೋಡಿದಾಗ ಟವೆಲ್ ಕೆಳಗೆ ಕೈ ಹಾಕ್ಕೊಂಡು ನಿಂತಿದ್ರೆ ನಾನು ಏನಂತ ಒಪ್ಪಿಗೆ ಕೊಡ್ಲಿ?"

ಕುರಿ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಮಾರುವವನೂ ಕೊಳ್ಳುವವನೂ ಕೈಗಳ ಮೇಲೆ ಟವೆಲ್ಲು ಹೊದಿಸಿ, ಒಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾರೆ, ಇಳಿಸುತ್ತಾರೆ, ಏರಿಸುತ್ತಾರೆ. ಸುತ್ತ ನಿಂತವರಿಗೆ ಕಾಣುವುದು ಇಬ್ಬರ ಮುಖ ಮಾತ್ರ. ಕೈ ಬಿಟ್ಟ ಮೇಲೆ ಎಷ್ಟಕ್ಕಾಯಿತು ಎಂದು ಯಾರೂ ಕೇಳುವುದಿಲ್ಲ, ಕೇಳಿದರೂ ಯಾರೂ ಹೇಳುವುದಿಲ್ಲ.

ಮದ್ದೂರಿನ ಮೊದಲ ಅಂಗಡಿಗಳು ಕಂಡವು.

"ಸಾಹಿಲ್, ಇವತ್ತು ಯಾರಾದರೂ ಟವೆಲ್ ಹಾಕಿದರೆ..."

"ಹಾಕಿದ್ರೆ?"

"ಕೈ ಕೊಡಬೇಡ. ಬೆಲೆ ಬಾಯಲ್ಲೇ ಹೇಳಿಸು."

ಅರ್ಪಿತ ನಕ್ಕಳು. "ಯಾರ ಬಾಯಲ್ಲಿ ಸಾರ್, ಹೊನ್ನಯ್ಯನ ಬಾಯಲ್ಲಾ? ಆ ಮನುಷ್ಯ ಕಾಫಿಗೆ ಸಕ್ಕರೆ ಎಷ್ಟು ಅಂದ್ರೂ ಟವಲ್ಲು ತೆಗೀತಾನೆ."

"ಹೇಳಿಸ್ತೀನಿ ಬಿಡಿ ಸಾರ್," ಎಂದ ಸಾಹಿಲ್. "ನಮ್ಮಪ್ಪ ಆ ಟವಲ್ ಕೆಳಗೇ ಮುದುಕ ಆದ. ನಾನು ಆಗಲ್ಲ."

ಹೇಳಿದ ಮೇಲೆ ಹಗುರಾಗುತ್ತದೆ ಎಂದುಕೊಂಡಿದ್ದ ಸ್ವರೂಪ್‌ಗೆ ಹಾಗೇನೂ ಆಗಲಿಲ್ಲ. ಮದ್ದೂರಿನಲ್ಲಿ ಮೇಡಂ ಕಾದಿದ್ದರು. ಒಂದೊಂದು ವಡೆ, ಅರ್ಧ ಲೋಟ ಕಾಫಿ ಆಯಿತು. ಅವರ ಕಾರು ವ್ಯಾನಿನ ಹಿಂದೆ ಮಳವಳ್ಳಿ ರಸ್ತೆ ಹಿಡಿಯಿತು.

ಬಂಡೂರಿನಲ್ಲಿ ಹೊಂಗೆ ಮರದ ಕೆಳಗೆ ಕುರಿ ಸಾಕುವವರು ಆಗಲೇ ಸೇರಿದ್ದರು. ಕೆಲವರು ಟಗರು ಹಿಡಿದು ಬಂದಿದ್ದರು, ಕೆಲವರು ಬರೀ ನೋಡಲು. ಮೇಡಂ ಒಳ್ಳೆಯ ಹೆಂಗಸು. ಚಪ್ಪಲಿ ಬಿಟ್ಟು ನೆಲದ ಮೇಲೇ ಕುಳಿತು ಒಂದು ಮರಿಯನ್ನು ಮಡಿಲಿಗೆ ಹಾಕಿಕೊಂಡರು. ಅದು ಅವರ ದುಪಟ್ಟಾ ಜಗಿಯತೊಡಗಿತು.

"ಜಗೀಲಿ ಬುಡವ್ವ, ಅದ್ಕೂ ಬೆಂಗಳೂರು ರುಚಿ ಗೊತ್ತಾಗ್ಲಿ," ಎಂದ ಚೌಡಯ್ಯ. ಅವನೂ ಒಂದು ಟಗರು ತಂದಿದ್ದ. ಎಲ್ಲರೂ ನಕ್ಕರು.

ಹೊನ್ನಯ್ಯ ತನ್ನ ಟಗರಿನೊಂದಿಗೆ ಬಂದಾಗ ನಗು ತಾನಾಗಿಯೇ ನಿಂತಿತು. ಗಿಡ್ಡ ಕಾಲು, ಪೀಪಾಯಿಯಂಥ ಮೈ, ಅಗಲ ಬೆನ್ನು. ತೊಳೆದು ತಂದಿದ್ದ. ಆ ಊರಿನಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಅವನು ಸಾಹಿಲ್‌ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಪಾಷಣ್ಣ ಬರ್ನಿಲ್ವಾ?"

"ಇಲ್ಲ ತಾತ. ಇದು ನನ್ನ ವ್ಯಾಪಾರ, ನಾನೇ ಬಂದಿದ್ದೀನಿ."

"ಆಗ್ಲಿ ಬುಡು. ನೀನು ಬಂದ್ರೆ ಅವ್ನೇ ಬಂದಂಗೆ."

ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಬಲಗೈ ಮೇಲೆ ಹಾಕಿಕೊಂಡು ಹೊನ್ನಯ್ಯ ಕೈ ಮುಂದೆ ಚಾಚಿದ.

ಸಾಹಿಲ್‌ನ ಕೈ ಅರ್ಧ ಮೇಲೆದ್ದಿತು. ಚಿಕ್ಕಂದಿನಿಂದ ಅಪ್ಪನ ಪಕ್ಕ ನಿಂತು ನೋಡಿದ ಕೈ ಅದು, ತಾನಾಗಿಯೇ ಎದ್ದಿತ್ತು. ಅಷ್ಟರಲ್ಲಿ ಅವನು ಸ್ವರೂಪ್ ಕಡೆ ನೋಡಿದ. ಸ್ವರೂಪ್, ವಿಡಿಯೋ ಮಾಡುತ್ತಿದ್ದ ಮೇಡಂ ಕಡೆ ಕಣ್ಣು ತಿರುಗಿಸಿದ. ಅಷ್ಟು ಸಾಕಾಯಿತು. ಸಾಹಿಲ್ ಕೈಯನ್ನು ಜೇಬಿಗೆ ಹಾಕಿಕೊಂಡ.

"ಬಾಯಲ್ಲೇ ಹೇಳಿ ತಾತ. ಎಲ್ರೂ ಕೇಳ್ಲಿ."

"ಎಲ್ರೂ ಯಾಕ್ಲಾ ಕೇಳ್ಬೇಕು? ನಾನೇನು ಎಲ್ರಿಗೂ ಮಾರ್ತಾ ಇದ್ದೀನಾ?"

"ಹೊಸ ಪದ್ಧತಿ ತಾತ. ಬೆಲೆ ಫೋನಲ್ಲಿ ಕಾಣ್ಬೇಕು."

"ಅಂಗಾರೆ ಈ ಕಡೀಕ್ ಬಾ. ಕಿವೀಲಿ ಏಳ್ತೀನಿ."

"ಕಿವಿನೂ ಬೇಡ ತಾತ."

ಚಾಚಿದ ಕೈ ಚಾಚಿದಂತೆಯೇ ಇತ್ತು. ಟವೆಲ್ಲಿನ ಅಂಚು ಗಾಳಿಗೆ ಆಡುತ್ತಿತ್ತು. ಚೌಡಯ್ಯನಿಗೆ ತಡೆಯಲಾಗಲಿಲ್ಲ. "ಏಳಣ್ಣೋ! ಮದ್ವೆ ಎಣ್ಣು ಗಂಡನ್ ಎಸ್ರು ಏಳಕ್ಕೆ ನಾಚ್ಕೊಂಡಂಗೆ ನಾಚ್ಕೋತೀಯಲ್ಲ!"

ಹೊನ್ನಯ್ಯ ಕೈ ಹಿಂದಕ್ಕೆ ತೆಗೆದುಕೊಂಡ. ಟಗರಿನ ಕಡೆ ಒಮ್ಮೆ, ಸಾಹಿಲ್ ಕಡೆ ಒಮ್ಮೆ ನೋಡಿದ.

"ಅದಿನೈದು."

ಟಗರು ಹಿಡಿದಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅದಿನೈದು ಸಾವ್ರ ಕಣ್ಲಾ. ಬರ್ಕೊ."

ಸಂತೆಗೆ ಹೊಡೆದುಕೊಂಡು ಹೋಗಿದ್ದರೆ ಅದರ ಎರಡರಷ್ಟಕ್ಕೆ ಕಣ್ಣು ಮುಚ್ಚಿಕೊಂಡು ಕೊಳ್ಳುವ ಟಗರು. ಫೋನು ಹಿಡಿದಿದ್ದ ಅರ್ಪಿತಳ ಬೆರಳು ನಿಂತಿತು. "ಹದಿನೈದಾ?" ಎಂದಳು ಮೆಲ್ಲಗೆ. ಸಾಹಿಲ್ "ಹಾಕು" ಎಂದ. ಕ್ಷಣದಲ್ಲಿ ಟಗರಿನ ಚಿತ್ರ, ಹೊನ್ನಯ್ಯನ ಹೆಸರು, ಊರಿನ ಹೆಸರು, ಬೆಲೆ ಫೋನಿನ ಮೇಲೆ ಮೂಡಿದವು.

"ನಿಂಗೇನಾಗದೆ ಒನ್ನಣ್ಣ?" ಚೌಡಯ್ಯನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ಈ ಟಗರ್ಗೇ ಅದಿನೈದು ಅಂದ್ರೆ ನಾಳೆ ನಂದನ್ನ ಎಷ್ಟಕ್ಕೆ ಕೇಳಾರು?"

"ನನ್ ಟಗರು, ನನ್ನಿಷ್ಟ."

"ನಿನ್ನಿಷ್ಟ ನಿನ್ ಮನೇಲಿಟ್ಕೊ. ಊರ್ ಮುಂದೆ ಯಾಕ್ ಕೂಗ್ತೀಯಾ?" ಚೌಡಯ್ಯ ತನ್ನ ಟಗರಿನ ಹಗ್ಗ ಬಿಚ್ಚಿ ಹೊರಟೇಬಿಟ್ಟ. ಅವನ ಹಿಂದೆ ಇನ್ನಿಬ್ಬರು.

ಮೇಡಂ ಅದನ್ನು ಗಮನಿಸಲಿಲ್ಲ. ಅವರು ಎದ್ದು ಬಂದು ಸ್ವರೂಪ್‌ನನ್ನು ಕೇಳಿದರು: "ಇದೇನಾ ಇಲ್ಲಿಯ ನಿಜವಾದ ಬೆಲೆ? ನೀವು ಬರೆದುಕೊಟ್ಟಿದ್ದಕ್ಕಿಂತ ತುಂಬಾ ಕಮ್ಮಿ ಇದೆಯಲ್ಲ!"

ಸ್ವರೂಪ್ ಬಾಯಿ ತೆರೆಯುವ ಮುಂಚೆಯೇ ಸಾಹಿಲ್ ಹೇಳಿದ: "ಟವೆಲ್ ತೆಗೆದರೆ ನಿಜ ಹೊರಗೆ ಬರುತ್ತೆ ಮೇಡಂ. ಇಷ್ಟು ದಿನದ ಉಬ್ಬರ ಎಲ್ಲ ಅದರ ಕೆಳಗೇ ಇತ್ತು."

ಅವನ ಮುಖದಲ್ಲಿ ಸುಳ್ಳಿರಲಿಲ್ಲ. ಆ ಗಳಿಗೆಯಲ್ಲೇ ಅವನಿಗೆ ಹೊಳೆದದ್ದು, ಹೊಳೆದ ಕೂಡಲೇ ನಂಬಿದ್ದು. ಮೇಡಂ ಕಣ್ಣು ಅರಳಿತು. ಏನೋ ತಪ್ಪಿದೆ ಎಂದು ಸ್ವರೂಪ್‌ಗೆ ಅನ್ನಿಸಿತು, ಏನೆಂದು ತಿಳಿಯಲಿಲ್ಲ. ಹೊನ್ನಯ್ಯ ಅತ್ತ ತಿರುಗಿ, ಆ ಟವೆಲ್ಲಿನಿಂದ ಟಗರಿನ ಮುಖ ಒರೆಸುತ್ತಿದ್ದ.

ಮುಂದಿನ ವಾರ ನಯಾಜ್ ಪಾಷಾ ಕೇಂದ್ರಕ್ಕೆ ಬಂದರು. ಗಾಜಿನ ಬಾಗಿಲ ಹೊರಗೇ ಚಪ್ಪಲಿ ಬಿಟ್ಟು ಒಳಗೆ ಬಂದರು. ಸ್ವರೂಪ್ ಎಷ್ಟು ಹೇಳಿದರೂ ಕುರ್ಚಿಯ ತುದಿಯಲ್ಲೇ ಕುಳಿತರು.

"ಸಾರ್, ನನ್ ಮಗ ಹೊನ್ನಯ್ಯನ ಟಗರು ತಂದ್ನಲ್ಲ. ಅದು ಯಾಪಾರ ಅಲ್ಲ ಸಾರ್."

"ಮತ್ತೆ?"

"ಮುಯ್ಯಿ. ಹಳೇ ಋಣ ತೀರ್ಸಿದ್ದು. ಅವ್ನ ಹೆಂಡ್ತಿ ಅಂಕಮ್ಮನಿಗೆ ಒಂದ್ಸಲ ಹೆರಿಗೆ ಕಷ್ಟ ಆಗಿತ್ತು. ಮಳೆಗಾಲ, ಗಾಡಿಗಳಿರ್ಲಿಲ್ಲ. ನಾನು ಕುರಿ ತುಂಬಕ್ಕೆ ಹೋಗಿದ್ದೆ. ಕುರಿ ಇಳಿಸಿ ಆ ಟೆಂಪೋದಲ್ಲೇ ಆಯಮ್ಮನ್ನ ಮೈಸೂರಿಗೆ ಕರ್ಕೊಂಡೋದೆ. ತಾಯಿ ಮಗು ಇಬ್ರೂ ಉಳ್ಕೊಂಡ್ರು. ಆಗಿಂದ ಅವ್ನು ಏನಾದ್ರೂ ಕೊಡಕ್ಕೆ ನೋಡ್ತಾನೇ ಇದ್ದ, ನಾನು ತಗೊಂಡಿರ್ಲಿಲ್ಲ. ಹುಡುಗ ಹೊಸದಾಗಿ ಶುರುಮಾಡ್ತಾನೆ ಅಂತ ಗೊತ್ತಾಗಿ, ಈಗ ಕೊಡಾನ ಅಂತ ಮನ್ಸಲ್ಲಿ ಒಂದು ರೇಟು ಇಟ್ಕೊಂಡು ಬಂದಿದ್ದ."

"ಎಲ್ಲರ ಮುಂದೆ ಬೇರೆ ಬೆಲೆ ಹೇಳಬಹುದಿತ್ತಲ್ಲ ಅವರು?"

"ಬೇರೆ ಹೇಳಿದ್ರೆ ಮುಯ್ಯಿ ಎಲ್ಲಾಯ್ತು ಸಾರ್? ಟವಲ್ ಕೆಳಗೆ ಆಗಿದ್ರೆ ಅದು ಅವರಿಬ್ರಿಗೆ ಮಾತ್ರ. ಕೂಗಿ ಹೇಳ್ಸಿದ್ರಿ, ಊರಿಗೆಲ್ಲ ಅದೇ ರೇಟು ಅಂತಾಯ್ತು. ಈಗ ಹೊನ್ನಯ್ಯನ್ನ ಯಾರೂ ಮಾತಾಡಿಸ್ತಿಲ್ಲ. ಅವ್ನು ಕಾರಣ ಹೇಳಲ್ಲ. ಕೊಟ್ಟಿದ್ದನ್ನ ಬಾಯಿಬಿಟ್ಟು ಹೇಳೋ ಪೈಕಿ ಅಲ್ಲ."

"ಸಾಹಿಲ್‌ಗೆ ನೀವೇ ಹೇಳಿ."

"ಬಾಯಿ ತೆಗೆದ್ರೆ ದಲ್ಲಾಳಿ ಮಾತು ಅಂತಾನೆ ಸಾರ್. ನಿಮ್ ಮಾತು ಕೇಳ್ತಾನೆ. ಆ ರೇಟು ಫೋನಿಂದ ತೆಗೀಲಿ. ಹೊನ್ನಯ್ಯನ ಮನೆಗೆ ಹೋಗಿ, ಜಗಲಿ ಮೇಲೆ ಕೂತು ಒಂದ್ಲೋಟ ಟೀ ಕುಡೀಲಿ. ಊರೋರು ನೋಡಿದ್ರೆ ಸಾಕು, ಅದು ನಂಟಿನ ರೇಟು, ಊರಿನ ರೇಟಲ್ಲ ಅಂತ ಅರ್ಥ ಮಾಡ್ಕೋತಾರೆ. ಬಕ್ರೀದ್‌ಗೆ ಮುಂಚೆ ಆಗ್ಬೇಕು. ಆಮೇಲೆ ಮಾಡಿ ಪ್ರಯೋಜನ ಇಲ್ಲ."

"ಹೇಳ್ತೀನಿ," ಎಂದ ಸ್ವರೂಪ್.

ಅವತ್ತು ಅದು ನಿಜವಾದ ಮಾತೇ ಆಗಿತ್ತು. ಆದರೆ ಅವರು ಹೋದ ಮೇಲೆ ಯೋಚನೆ ಬೇರೆ ದಾರಿ ಹಿಡಿಯಿತು. ಮೇಡಂ ತಮ್ಮವರಿಗೆ ತೋರಿಸಿರುವುದು ಅದೇ ಬೆಲೆ, ಅದೇ ವಿಡಿಯೋ. ಈಗ ತೆಗೆದರೆ ಯಾಕೆ ತೆಗೆದಿರಿ ಎಂದು ಕೇಳುತ್ತಾರೆ. ಒಪ್ಪಿಗೆ ಬಂದುಬಿಡಲಿ, ಆಮೇಲೆ ಹೇಳಿದರಾಯಿತು. ಹುಡುಗರ ಒಳ್ಳೆಯದಕ್ಕೇ ಅಲ್ಲವೇ?

ಒಪ್ಪಿಗೆ ಬಂದ ದಿನ ಸಾಹಿಲ್ ಮೆಟ್ಟಿಲು ಹಾರಿಕೊಂಡು ಬಂದ. "ಸಾರ್, ಮೇಡಂ ಕಡೆಯವರೆಲ್ಲಾ ಒಂದೇ ಮಾತು ಕೇಳಿದ್ದಂತೆ, ಟವೆಲ್ ಕಥೆ ಹೇಳಿ ಅಂತ. ಇನ್ನು ಮೇಲೆ ಎಲ್ಲಿ ಹೋದರೂ ಅಲ್ಲಿಂದಲೇ ಶುರು ಮಾಡ್ತೀನಿ."

ಹೇಳಲು ಅದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ. ಹೇಳಲು ಅದಕ್ಕಿಂತ ಕಷ್ಟದ ಸಮಯವೂ ಇರಲಿಲ್ಲ.

"ಸಾಹಿಲ್, ಒಂದ್ಸಲ ಹೊನ್ನಯ್ಯನ ಮನೆಗೆ ಹೋಗಿ ಬಾ."

"ಯಾಕೆ ಸಾರ್? ಟಗರಿನ ದುಡ್ಡು ಅವತ್ತೇ ಹೋಗಿದೆ."

"ಸುಮ್ಮನೆ. ಟೀ ಕುಡಿದು ಬಾ."

ಸಾಹಿಲ್ ನಕ್ಕ. "ಅಪ್ಪನ ಥರ ಮಾತಾಡ್ತೀರಲ್ಲ ಸಾರ್. ಹಬ್ಬ ಮುಗೀಲಿ, ಆರಾಮಾಗಿ ಹೋಗ್ತೀನಿ."

ಸ್ವರೂಪ್ ಸರಿ ಎಂದ. ಅರ್ಧ ಹೇಳಿದ್ದೇನಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಬಕ್ರೀದ್ ಹತ್ತಿರ ಬಂತು. ಬೆಂಗಳೂರು, ಮೈಸೂರಿನಿಂದ 'ಮಂದೆ'ಗೆ ಬೇಡಿಕೆಯ ಮೇಲೆ ಬೇಡಿಕೆ. ಬಂಡೂರಿನಿಂದ ಮಾತ್ರ ಒಂದು ಟಗರೂ ಫೋನಿಗೆ ಏರಲಿಲ್ಲ. ಸಾಹಿಲ್ ಮತ್ತು ಅರ್ಪಿತ ವ್ಯಾನು ತೆಗೆದುಕೊಂಡು ಹೋದರು. ಚೌಡಯ್ಯ ಮನೆಯೊಳಗಿದ್ದುಕೊಂಡೇ "ಇಲ್ಲ ಅನ್ನು" ಎಂದು ಹೆಂಡತಿಗೆ ಹೇಳಿದ್ದು ಬೀದಿಗೆ ಕೇಳಿಸಿತು. ಹೊನ್ನಯ್ಯ ಇಬ್ಬರಿಗೂ ನೀರು ಕೊಟ್ಟ, ಮಜ್ಜಿಗೆ ಕೊಟ್ಟ. ಟಗರಿನ ಮಾತು ಬಂದಾಗ, "ನಾನು ಈಗ ಏನೂ ಮಾರಂಗಿಲ್ಲ ಕಣಪ್ಪ" ಎಂದ.

ಹಣ ಬಂದಿತ್ತು, ಬೇಡಿಕೆ ಇತ್ತು, ಕೊಡಲು ಕುರಿ ಇರಲಿಲ್ಲ. ಕೊನೆಗೆ ಹೊರ ಜಿಲ್ಲೆಯಿಂದ ಮಾಮೂಲಿ ಕುರಿ ತರಿಸಿ ಹಬ್ಬ ದಾಟಿಸಿದರು. "ಬಂಡೂರು ಅಂತ ಹೇಳಿ ಇದನ್ನ ಹೇಗೆ ಕೊಡೋದು?" ಎಂದು ಅರ್ಪಿತ ಜಗಳವಾಡಿದಳು. ತಿಂಗಳು ಕಳೆಯುವುದರೊಳಗೆ ಅವಳು ಹಾಲಿನ ಡೇರಿಯಲ್ಲಿ ಕೆಲಸ ಹಿಡಿದಳು. 'ಮಂದೆ' ನಿಲ್ಲಲಿಲ್ಲ. ಈಗ ಅದು ಮಂಡ್ಯದೊಳಗೆ ಮನೆಮನೆಗೆ ಮಟನ್ ತಲುಪಿಸುವ ಕಂಪನಿ. ಅಂಥವು ಇನ್ನೂ ಹಲವಿವೆ.

ಒಂದು ಸಂಜೆ ಸಾಹಿಲ್ ಕೇಂದ್ರಕ್ಕೆ ಬಂದು ಎದುರು ಕುಳಿತ.

"ಎಲ್ಲಿ ತಪ್ಪಿದ್ವಿ ಸಾರ್? ಬೆಲೆ ಬಯಲಾಯ್ತು ಅಂತ ಜನ ಹೆದರಿದ್ರಾ? ಅಪ್ಪನ್ನ ಕೇಳಿದ್ರೆ, ನಿಮ್ ಸಾರನ್ನೇ ಕೇಳು ಅಂತ ಎದ್ದು ಹೋಗ್ತಾರೆ."

ಸ್ವರೂಪ್ ಮೇಜಿನ ಮೇಲಿನ ಪೆನ್ನನ್ನು ಸ್ವಲ್ಪ ಅತ್ತ ಸರಿಸಿದ. ಈಗ ಹೇಳಿದರೆ, ಅಷ್ಟು ಮುಂಚೆಯೇ ಗೊತ್ತಿತ್ತು ಎಂಬುದನ್ನೂ ಹೇಳಬೇಕಾಗುತ್ತದೆ. ಎದುರಿಗಿದ್ದ ಕಣ್ಣುಗಳಲ್ಲಿ ಸಂಶಯವಿರಲಿಲ್ಲ, ಉತ್ತರ ಸಿಗುತ್ತದೆ ಎಂಬ ನಂಬಿಕೆ ಮಾತ್ರ ಇತ್ತು.

"ಜನ ಹೊಸದಕ್ಕೆ ಒಗ್ಗಿಕೊಳ್ಳೋಕೆ ಸ್ವಲ್ಪ ಸಮಯ ಬೇಕು ಸಾಹಿಲ್," ಎಂದ.

ಸಾಹಿಲ್ ನಿಧಾನವಾಗಿ ತಲೆಯಾಡಿಸಿದ. "ಹೌದು ಸಾರ್, ಅದೇ ಇರ್ಬೇಕು," ಎಂದು ಎದ್ದು ಹೋದ.

ಬಂಡೂರಿನಲ್ಲಿ ಹೊನ್ನಯ್ಯ ಕೂಗಿ ಹೇಳಿದ್ದು ಟಗರಿನ ಬೆಲೆಯಲ್ಲ, ನಿಮ್ಮ ತಂದೆಗೆ ತೀರಿಸಿದ ಮುಯ್ಯಿ ಎಂದು ಸ್ವರೂಪ್ ಅವನಿಗೆ ಹೇಳಲೇ ಇಲ್ಲ.