ಬಿಳಿ ದಾರದ ಬಾಟ್ಲಿ

ಡಾಕ್ಟರ್ ಗಿರಿಜಾಂಬಾ ನನಗೆ ಸುಳ್ಳು ಹೇಳಿದಳು. ಅದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಅವಳ ಹೆಸರೆತ್ತಿದರೆ ಮೂಡಿಗೆರೆಯಿಂದ ಕಳಸದವರೆಗೆ ಜನ ಕೈ ಮುಗಿಯುತ್ತಾರೆ. ಮದರಾಸಿನಲ್ಲಿ ಓದಿದವಳು, ಮಂಡಿವರೆಗೆ ಕೆಸರು ಮಾಡಿಕೊಂಡು ಕೂಲಿ ಲೈನಿಗೆ ನಡೆದು ಬಂದವಳು, ಹೆಂಗಸರ ಮುಟ್ಟು, ಬಸುರು, ಹೋದ ಮಕ್ಕಳ ಲೆಕ್ಕ ಎಲ್ಲ ಕೂತು ಕೇಳಿ ಬರೆದುಕೊಂಡವಳು. ನಿಜ. ಸುಳ್ಳು ಹೇಳಿದ್ದೂ ನಿಜ.

ನಾನು ಅಬ್ದುಲ್ ವಹಾಬ್. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟೆ. ಅಮ್ಮ ಸತ್ತ ಮೇಲೆ ನನ್ನನ್ನು ಸಾಕಿದ್ದು ಅಕ್ಕ ಜೊಹರಾ. ಆಪಾ ಅಂತ ಕರೆಯುತ್ತೇನೆ. ಭಾವ ಮೊಹಿದ್ದೀನ್ ಗೋಣಿಬೀಡಿನ ಹತ್ತಿರದ ಎಸ್ಟೇಟಿನಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ. ಕೂಲಿಯವರ ಸಾಲುಮನೆಗಳ ಲೈನಿನಲ್ಲಿ ಕೊನೆಯ ಮನೆ ನಮ್ಮದು. ಅದೇ ತೋಟದಲ್ಲಿ ಕಾಫಿ ಗಿಡಕ್ಕೆ ಔಷಧಿ ಹೊಡೆಯುವುದು ನನ್ನ ಕೆಲಸ. ಆಪಾ ಮೂರು ಸಲ ಬಸುರಾದಳು, ಮೂರು ಸಲವೂ ಏಳನೇ ತಿಂಗಳು ದಾಟಲಿಲ್ಲ. ಭಾವನ ಜೊತೆ ಹೋಗಿ ಮೂರನ್ನೂ ಮಣ್ಣು ಮಾಡಿ ಬಂದವನು ನಾನು. ನಾಲ್ಕನೆಯ ಸಲ ದಿನ ತಪ್ಪಿದಾಗ ಅವಳು ಭಾವನಿಗೂ ಹೇಳದೆ ಒಂದು ತಿಂಗಳು ಬಾಯಿ ಮುಚ್ಚಿಕೊಂಡಿದ್ದಳು.

ಅದು ಮೂವತ್ತೆಂಟನೇ ಇಸವಿಯ ಮೇ ತಿಂಗಳು. ಮಳೆಗಾಲದ ಮುಂಚೆ ಮೈಲುತುತ್ತ, ಸುಣ್ಣ ಕಲಸಿ ಗಿಡಕ್ಕೆ ಹೊಡೆಯುತ್ತಿದ್ದೆವು. ಹೊಡೆಯದಿದ್ದರೆ ಎಲೆಗೆ ತುಕ್ಕು ರೋಗ ಬಂದು ಗಿಡ ಬೋಳಾಗುತ್ತದೆ. ದಾರಿಯಲ್ಲಿ ಹೋಗುತ್ತಿದ್ದ ಡಾಕ್ಟ್ರಮ್ಮ ಒಂದು ಸಾಲಿನ ತುದಿಗೆ ಕಟ್ಟಿದ್ದ ಬಿಳಿ ಬಟ್ಟೆ ನೋಡಿ ನಿಂತಳು.

"ಅದೇನಪ್ಪ, ಹರಕೆಯಾ?"

"ಅಲ್ಲ ಡಾಕ್ಟ್ರಮ್ಮ. ಆ ಸಾಲಿಗೆ ಹೊಡೆಯಲ್ಲ, ಬೇಕಂತ್ಲೇ ಬಿಡೋದು. ಮಳೆ ಮುಗಿದ್ಮೇಲೆ ಈ ಸಾಲಿಂದು, ಆ ಸಾಲಿಂದು ಎಲೆ ಎಣಿಸ್ತೀವಿ. ಇಲ್ದಿದ್ರೆ ಗಿಡ ಔಷಧೀಲಿ ಉಳೀತೋ ಸುಮ್ನೆ ಉಳೀತೋ ಅಂತ ಸಾಹುಕಾರ್ರಿಗೆ ಹೆಂಗೆ ಗೊತ್ತಾಗ್ಬೇಕು?"

"ಆ ಸಾಲು ಪೂರ್ತಿ ಹೋದ್ರೆ?"

"ಹೋಗ್ಲಿ ಬಿಡಿ, ಒಂದೇ ಸಾಲಲ್ವಾ."

ಅವಳು ನಗಲಿಲ್ಲ. ನನ್ನ ಹೆಸರು ಕೇಳಿಕೊಂಡು ಹೋದಳು.

ಮುಂದಿನ ಬುಧವಾರ ಎಸ್ಟೇಟ್ ಡಿಸ್ಪೆನ್ಸರಿಗೆ ಕರೆಸಿದಳು. ಈ ಕಡೆಯ ತೋಟಗಳಲ್ಲಿ ಬಸುರಿಯರ ರಕ್ತ ನೀರಾಗುತ್ತದಂತೆ, ಅದಕ್ಕೇ ಮಕ್ಕಳು ನಿಲ್ಲುವುದಿಲ್ಲವಂತೆ. ಹೊಸದೊಂದು ಔಷಧಿ ಬಂದಿದೆ, ಇಪ್ಪತ್ನಾಲ್ಕು ಜನ ಬಸುರಿಯರು ಬೇಕು. ವಾರಕ್ಕೊಮ್ಮೆ ಬೆರಳು ಚುಚ್ಚಿ ಒಂದು ಹನಿ ರಕ್ತ ನೋಡುವುದು, ತೂಕ ಮಾಡುವುದು, ಬರೆಯುವುದು, ಬಾಟ್ಲಿ ಕೊಡುವುದು. "ನಾನು ಕರೆದ್ರೆ ಬಾಗ್ಲು ಹಾಕ್ಕೋತಾರೆ ವಹಾಬ್. ನೀನು ಕರೆದ್ರೆ ಬರ್ತಾರೆ."

ನಾನು ಆಪಾ ವಿಷಯ ಹೇಳಿದೆ. ಡಾಕ್ಟ್ರಮ್ಮ ನನ್ನ ಭುಜ ಮುಟ್ಟಿ, "ಕರ್ಕೊಂಡು ಬಾ, ಔಷಧಿ ಕೊಡ್ತೀನಿ" ಅಂದಳು. ಹಾಗೆಯೇ ಅಂದಳು, ಒಂದಕ್ಷರ ಸೇರಿಸಿಲ್ಲ.

ಆಪಾ ಸುಲಭಕ್ಕೆ ಒಪ್ಪಲಿಲ್ಲ. "ಬೆರಳು ಚುಚ್ಚಿಸ್ಕೊಂಡ್ರೆ ಮಗು ನಿಲ್ಲುತ್ತಾ? ಯಾರನ್ನ ನಂಬಿ ಹೋಗ್ಲಿ ಹೇಳು."

"ನನ್ನನ್ನ ನಂಬಿ ಬಾ."

ಪಕ್ಕದ ಮನೆಯ ಸಿದ್ದಮ್ಮ ಇದನ್ನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಹಣ್ಣು ಕೊಯ್ಯುವವಳು, ಅವಳಿಗೂ ಆಪಾಗೂ ಹೆಚ್ಚುಕಮ್ಮಿ ಒಂದೇ ತಿಂಗಳು. "ನಾನೂ ಬರ್ತೀನಿ ಮಾರಾಯ. ನಂದೂ ಎರಡು ಹೋಗಿದಾವೆ. ಸೂಜಿ ಚುಚ್ಚಿದ್ರೆ ಚುಚ್ಲಿ, ಕಟ್ಟಿರುವೆಗಿಂತ ಜಾಸ್ತಿಯಾ?" ಅಂದಳು. ಅವಳು ಹೊರಟಳು ಅಂತ ಆಪಾ ಹೊರಟಳು, ಅವರಿಬ್ಬರು ಹೊರಟರು ಅಂತ ಲೈನಿನವರೆಲ್ಲ ಹೊರಟರು.

ಬಾಟ್ಲಿಗಳು ಎರಡು ಪೆಟ್ಟಿಗೆಯಲ್ಲಿದ್ದವು. ಎರಡರಲ್ಲೂ ಕಪ್ಪು ನೀರು. "ಎರಡೂ ಔಷಧಿಯೇ," ಅಂದಳು ಡಾಕ್ಟ್ರಮ್ಮ. "ಅವರವರ ರಕ್ತಕ್ಕೆ ತಕ್ಕ ಹಾಗೆ. ಆದ್ರೆ ಓದೋಕೆ ಬರದವರಿಗೆ ಗುರುತು ಹೆಂಗೆ?"

"ದಾರ ಕಟ್ಟಿದ್ರಾಯ್ತು," ಅಂತ ನಾನೇ ಹೇಳಿಕೊಟ್ಟೆ. ಒಂದು ಪೆಟ್ಟಿಗೆಯದಕ್ಕೆ ಕೆಂಪು, ಇನ್ನೊಂದಕ್ಕೆ ಬಿಳಿ. ಅವಳು ಪುಸ್ತಕ ನೋಡಿ ಹೆಸರು ಕೂಗುವುದು, ನಾನು ಕಟ್ಟುವುದು. ಜೊಹರಾ, ಕೆಂಪು. ಸಿದ್ದಮ್ಮ, ಬಿಳಿ. ಹೀಗೆ ಇಪ್ಪತ್ನಾಲ್ಕೂ ಬುಟ್ಟಿಯಲ್ಲಿಟ್ಟುಕೊಂಡು ಮನೆಮನೆಗೆ ಕೊಟ್ಟು ಬರುತ್ತಿದ್ದೆ.

ಕೆಂಪು ದಾರದ್ದು ಕೊಳೆತ ಮೀನಿನ ವಾಸನೆ. ಮೊದಲ ವಾರ ಆಪಾ ಒಂದು ಚಮಚ ಬಾಯಿಗೆ ಹಾಕಿದರೆ ಎರಡು ಪಾಲು ವಾಂತಿ ಮಾಡಿದಳು. ಗೋಡೆ ಹಿಡಿದು ಕೂತು ಅತ್ತಳು. ಪಕ್ಕದಲ್ಲಿ ಸಿದ್ದಮ್ಮ ಬಿಳಿ ದಾರದ್ದನ್ನು ಕುಡಿದು ನಾಲಗೆ ಚಪ್ಪರಿಸುತ್ತಿದ್ದಳು. "ಪಾನಕ ಇದ್ದಂಗಿದೆ ಕಣೋ ವಹಾಬಾ!"

ಎರಡನೇ ವಾರ ಬುಟ್ಟಿ ಹೊತ್ತುಕೊಂಡು ಇಳಿಯುವಾಗ ಹಲಸಿನ ಮರದ ಕೆಳಗೆ ನಿಂತೆ. ಅತ್ತಿತ್ತ ನೋಡಿದೆ. ಎರಡೂ ಔಷಧಿಯೇ ಅಂದ ಮೇಲೆ ಸಿಹಿಯದು ನನ್ನ ಅಕ್ಕನಿಗಿರಲಿ. ಸಿದ್ದಮ್ಮನದು ಕಲ್ಲಿನಂಥ ಹೊಟ್ಟೆ, ಅವಳು ತಡೆಯುತ್ತಾಳೆ. ಅವಳ ಪಾಲಿನದನ್ನು ಆಪಾಗೂ, ಆಪಾ ಪಾಲಿನದನ್ನು ಅವಳಿಗೂ ಕೊಟ್ಟೆ. ಇಬ್ಬರಿಗೂ, "ಡಾಕ್ಟ್ರಮ್ಮನೇ ಬದಲಾಯಿಸಿದ್ರು, ಅದರ ಮಾತು ಅವರ ಹತ್ರ ಎತ್ಬೇಡಿ" ಅಂದೆ. ಪ್ರತಿ ಬುಧವಾರವೂ ಹಾಗೆಯೇ ಮಾಡಿದೆ. ಹದಿನೈದು ವಾರ.

"ನಿನ್ನ ಅಕ್ಕಂಗೆ ಪಾನಕ, ನಂಗೆ ಸತ್ತ ಮೀನು," ಅಂತ ಸಿದ್ದಮ್ಮ ದಿನಾ ಹಂಗಿಸುವಳು. "ಏನು ಪಾಪ ಮಾಡಿದ್ನೋ!" ಮೂಗು ಹಿಡಿದು ಕುಡಿಯುವಳು, ಮೇಲೆ ಒಂದು ಹರಳು ಉಪ್ಪು ಬಾಯಿಗೆ ಹಾಕಿಕೊಳ್ಳುವಳು. ಆಗಸ್ಟ್ ಹೊತ್ತಿಗೆ ಅವಳ ಕೆನ್ನೆ ತುಂಬಿತ್ತು. ಆಪಾ ಬೆಳ್ಳಗಾಗುತ್ತಿದ್ದಳು. ಕೊಡ ಎತ್ತಿದರೆ ಉಸಿರು ಕಟ್ಟುತ್ತಿತ್ತು. ಉಗುರಿನ ಬಣ್ಣ ಹೋಗಿತ್ತು. ಆದರೂ ಒಂದು ಹೊತ್ತೂ ತಪ್ಪಿಸದೆ ಕುಡಿದಳು, ಬಾಟ್ಲಿ ಬಗ್ಗಿಸಿ ಕೊನೆಯ ಹನಿಯವರೆಗೆ.

ಸೆಪ್ಟೆಂಬರ್ ಕೊನೆಗೆ ಮಳೆ ಬಿಟ್ಟಿತು. ಎಲೆ ಎಣಿಸಲು ನನ್ನನ್ನು ಕಳಿಸಿದರು. ಔಷಧಿ ಹೊಡೆದ ಸಾಲು ಕಡುಹಸಿರಾಗಿ ಮಿಂಚುತ್ತಿತ್ತು. ಪಕ್ಕದ್ದು ಬರೀ ಕಡ್ಡಿ, ಬುಡದ ತುಂಬ ಹಳದಿ ಎಲೆ. ತುದಿಯಲ್ಲಿ ನಾನು ಕಟ್ಟಿದ ಬಟ್ಟೆ ಮಳೆಗೆ ನೆನೆದು ಜೋತುಬಿದ್ದಿತ್ತು. ಎಣಿಸುತ್ತ ಎಣಿಸುತ್ತ ಲೆಕ್ಕ ತಪ್ಪಿತು. ಬಿಳಿ ಬಟ್ಟೆ. ಬಿಳಿ ದಾರ.

ಮನೆಗೆ ಓಡಿ ಆಪಾ ಬಾಟ್ಲಿಯಲ್ಲಿ ಉಳಿದಿದ್ದನ್ನು ನಾಲಗೆ ಮೇಲೆ ಹಾಕಿಕೊಂಡೆ. ಸುಟ್ಟ ಬೆಲ್ಲದ ನೀರು. ಬೇರೇನೂ ಇಲ್ಲ.

ಡಿಸ್ಪೆನ್ಸರಿಯಲ್ಲಿ ಡಾಕ್ಟ್ರಮ್ಮ ಒಬ್ಬಳೇ ಬರೆಯುತ್ತಿದ್ದಳು. ಚಪ್ಪಲಿ ಬಿಡದೆ ಒಳಗೆ ಹೋದೆ.

"ಬಿಳಿ ದಾರದ್ರಲ್ಲಿ ಏನಿದೆ?"

ಅವಳು ಪೆನ್ನು ಕೆಳಗಿಟ್ಟಳು. "ಕೆಡುಕು ಏನಿಲ್ಲ" ಅಂದಳು.

"ಒಳ್ಳೇದೂ ಏನಿಲ್ಲ ಅಲ್ವಾ? ಎರಡೂ ಔಷಧಿ ಅಂತ ಯಾಕೆ ಹೇಳಿದ್ರಿ?"

"ಹೇಳಿದ್ರೆ ಯಾರು ಬಿಳಿ ತಗೋತಿದ್ರು?"

"ಯಾರೂ ತಗೋತಿರ್ಲಿಲ್ಲ!"

"ನೋಡು ವಹಾಬ್, ನಂಗೆ ಕೊಟ್ಟಿರೋದು ಹನ್ನೆರಡು ಜನಕ್ಕೆ ಆಗೋವಷ್ಟು. ಇದ್ರಿಂದಲೇ ಮಗು ಉಳೀತು ಅಂತ ತೋರಿಸಿದ್ರೆ ಸರ್ಕಾರ ಎಲ್ಲ ತೋಟಕ್ಕೂ ತರಿಸುತ್ತೆ. ತೋರಿಸೋಕೆ ಇನ್ನೊಂದು ಸಾಲು ಬೇಕು. ನೀನೇ ಹೇಳಿದ್ಯಲ್ಲ."

"ಗಿಡಕ್ಕೆ ಯಾರೂ ಹೇಳಲ್ಲ, ಸರಿ. ಗಿಡಕ್ಕೆ ಕಿವಿ ಇಲ್ಲ. ನನ್ನ ಅಕ್ಕಂಗೆ ಇದೆ. ಔಷಧಿ ಕೊಡ್ತೀನಿ ಅಂದ್ರಿ, ನನ್ನ ಹೆಗಲು ಮುಟ್ಟಿ ಅಂದ್ರಿ!"

"ಕೊಟ್ಟಿದೀನಲ್ಲ," ಅಂದಳು. ಅವಳ ಹುಬ್ಬು ಗಂಟಾಗಿತ್ತು. ಪುಸ್ತಕ ತಿರುಗಿಸಿ ನನ್ನ ಮುಂದೆ ಇಟ್ಟು ಬೆರಳಿಟ್ಟಳು. ಕೂಡಿಸಿ ಕೂಡಿಸಿ ಓದಿದೆ. ಜೊಹರಾ. ಕೆಂಪು. ವಾರ ವಾರ ಕೆಂಪು. "ಜೊಹರಾ ರಕ್ತ ಇಳೀತಾನೇ ಇದೆ, ಸಿದ್ದಮ್ಮಂದು ಏರ್ತಾನೇ ಇದೆ. ಒಂದು ತಿಂಗಳಿಂದ ತಲೆ ಕೆಡಿಸ್ಕೊಂಡಿದೀನಿ. ಬಾಟ್ಲಿ ಏನಾದ್ರೂ..."

ನನ್ನ ಮುಖ ನೋಡಿ ಅವಳು ಮಾತು ನಿಲ್ಲಿಸಿದಳು.

ಆಮೇಲೆ ಎದ್ದು ಬೀರು ತೆಗೆದು ಕೆಂಪಿನ ಪೆಟ್ಟಿಗೆಯಿಂದ ಒಂದು ಬಾಟ್ಲಿ ಕೊಟ್ಟಳು. "ಇವತ್ತೇ ಶುರು ಮಾಡು. ವಾಂತಿ ಮಾಡಿದ್ರೂ ಮತ್ತೆ ಕುಡಿಸು. ಸಿದ್ದಮ್ಮಂದನ್ನ ನಿಲ್ಲಿಸ್ಬೇಡ."

ನಾನು ಬಾಟ್ಲಿ ಕಿತ್ತುಕೊಂಡು ಬಂದೆ. ಉಳಿದ ಬಿಳಿ ದಾರದವರ ಗತಿ ಏನು ಅಂತ ಕೇಳಲಿಲ್ಲ. ಅದು ನೆನಪಾದದ್ದು ದಾರಿಯಲ್ಲಿ, ಹಲಸಿನ ಮರದ ಹತ್ತಿರ.

ಆಪಾ ಹನ್ನೊಂದು ದಿನ ಕುಡಿದಳು. ಹನ್ನೆರಡನೆಯ ದಿನ ಬೆಳಿಗ್ಗೆ ನೋವು ಬಂತು. ಡಾಕ್ಟ್ರಮ್ಮ ಮೂಡಿಗೆರೆಯಿಂದ ಗಾಡಿ ಮಾಡಿಕೊಂಡು ಬಂದು ಸಂಜೆವರೆಗೆ ಒಳಗೇ ಇದ್ದಳು. ಗಂಡು ಮಗು. ಅಳಲಿಲ್ಲ. ಆಪಾ ಉಳಿದಳು.

ಮಗುವನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದವಳು ಡಾಕ್ಟ್ರಮ್ಮನೇ. ನನ್ನ ಕೈಗೆ ಕೊಟ್ಟಳು. ಆಗ ಲೈನಿನವರೆಲ್ಲ ಸೇರಿದ್ದರು, ಭಾವನೂ ಇದ್ದ. ಅವರೆದುರಿಗೆ ಕಿರುಚಿದೆ: "ಬೆಲ್ಲದ ನೀರು ಕುಡಿಸಿದಾಳೆ ಇವಳು! ಬಿಳಿ ದಾರದವರಿಗೆಲ್ಲ ಬೆಲ್ಲದ ನೀರು!" ಹೆಂಗಸರು ಮನೆಯೊಳಗೆ ಹೋಗಿ ಬಾಟ್ಲಿ ತಂದು ಅವಳ ಕಾಲ ಹತ್ತಿರ ಒಡೆದರು. ಅವಳು ಒಂದೇ ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ನನ್ನನ್ನು ನೋಡಿದಳು, ಗಾಡಿ ಹತ್ತಿದಳು. ಆ ತೋಟಕ್ಕೆ ಮತ್ತೆ ಬರಲಿಲ್ಲ. ಕೆಂಪಿನ ಬಾಟ್ಲಿಗಳೂ ಬರಲಿಲ್ಲ.

ಸಿದ್ದಮ್ಮನಿಗೆ ನವೆಂಬರಿನಲ್ಲಿ ಹೆಣ್ಣು ಹುಟ್ಟಿತು, ಎರಡು ಕೈ ತುಂಬುವಂಥ ಮಗು. ಹಣ್ಣು ಕೊಯ್ಲು ಶುರುವಾದಾಗ ಅದನ್ನು ಆಪಾ ಹತ್ತಿರ ಬಿಟ್ಟು ಹೋಗುತ್ತಿದ್ದಳು. ಬೇಡ ಅಂತ ನಾನಂದರೂ ಆಪಾ ಇಸಕೊಳ್ಳುತ್ತಿದ್ದಳು.

ಒಂದು ಸಂಜೆ ಸಿದ್ದಮ್ಮ ಮಗುವಿಗೆ ಹಾಲು ಕುಡಿಸುತ್ತ ಅಂದಳು: "ಆ ದರಿದ್ರ ಸತ್ತ ಮೀನೇ ಔಷಧಿಯಂತಲ್ಲೋ! ಮೊದಲ್ನೇ ವಾರ ನಂದೂ ಬಿಳಿ ಇತ್ತು. ಡಾಕ್ಟ್ರಮ್ಮ ಬದಲಾಯಿಸದಿದ್ರೆ ಇವಳೆಲ್ಲಿ ಇರ್ತಿದ್ಲು?"

ಆಪಾ ತಲೆ ಎತ್ತಿದಳು. "ನಂದು ಮೊದಲ್ನೇ ವಾರ ಕೆಂಪಿತ್ತು."

ನಾನು ಒಲೆಗೆ ಸೌದೆ ಇಡುತ್ತಿದ್ದೆ.

"ಯಾಕೆ ಬದಲಾಯಿಸಿದ್ಲಂತೆ, ವಹಾಬ್? ಕೇಳಿದ್ಯಾ?"

"ಕೇಳ್ದೆ. ಹೇಳ್ಲಿಲ್ಲ."

ಹಾಲು ಕುಡಿದು ಮುಗಿಸಿದ ಮಗುವನ್ನು ಆಪಾ ತನ್ನ ತೊಡೆಯ ಮೇಲೆ ತೆಗೆದುಕೊಂಡಳು. ಅದರ ತಲೆ ನೇವರಿಸುತ್ತ ಡಾಕ್ಟ್ರಮ್ಮನಿಗೆ, ಅವಳ ಪುಸ್ತಕಕ್ಕೆ, ಅವಳ ಕೈಗೆ ಮೆಲ್ಲಗೆ ಒಂದೊಂದಾಗಿ ಶಾಪ ಹಾಕಿದಳು. ನಾನೂ ಹಾಕಿದೆ. ಅವಳಿಗಿಂತ ಜೋರಾಗಿ.